ಮಂಡೋದರಿಗೆ ಬಾಲ ಬಂದದ್ದು

ಚೆನ್ನೈನ ಕೋಡಂಬಾಕ್ಕಂನ ತಿರುಮಲರಾಯರು ಸುಳ್ಳು ಹೇಳುವವರಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಮುಂದಿನ ಸಂಗತಿ ಕೇಳಿದ ಮೇಲೆ ಯಾರೂ ನಂಬುವುದಿಲ್ಲ. ಇನ್ಶೂರೆನ್ಸ್ ಆಫೀಸಿನ ಕ್ಲೇಮ್ ವಿಭಾಗದಲ್ಲಿ ತಲೆ ನರೆಸಿಕೊಂಡ ಮನುಷ್ಯ. ಬೇರೆಯವರ ಸುಳ್ಳು ಹಿಡಿಯುವುದೇ ಅವರ ಉದ್ಯೋಗ. ಆದರೆ ಹೋಳಿಗೆ ಊಟವಾಗಿ, ಷಡ್ಡಕನಾದವನು ಎದುರಿಗೆ ಕೂತು, ಎಲೆಯಡಿಕೆ ಜಗಿಯುತ್ತ ತನ್ನ ಪ್ಯಾರಿಸ್ ಪ್ರವಾಸದ ಕಥೆ ತೆಗೆದರೆ ಎಂಥ ಸತ್ಯವಂತನಿಗೂ ನಾಲಿಗೆ ತುರಿಸುತ್ತದೆ.

ಷಡ್ಡಕ ಎಂದರೆ ಧಾರವಾಡದ ಶ್ರೀನಾಥರು. ರಾಯರ ಹೆಂಡತಿ ನೀರಜಾಳ ಅಕ್ಕ ನಮಿತಾಳ ಗಂಡ. ಕಾಲೇಜಿನ ಪ್ರಿನ್ಸಿಪಾಲರಾಗಿ ನಿವೃತ್ತರಾದವರು, ಮಾತಿನಿಂದ ಮಾತ್ರ ಇನ್ನೂ ನಿವೃತ್ತರಾಗಿರಲಿಲ್ಲ. ಪ್ಯಾರಿಸ್ಸಿಗೆ ಹೋಗಿ ಬಂದದ್ದು ಯಾವುದೋ ಕಾಲದಲ್ಲಿ. ಆದರೂ ಧಾರವಾಡದ ಕಡೆ ಯಾರ ಮದುವೆಯಾದರೂ, ಧಾರೆ ಮುಗಿಯಿತೋ ಇಲ್ಲವೋ, ಪ್ಯಾರಿಸ್ಸಿನ ಮ್ಯೂಸಿಯಂ ಒಂದು ಸುತ್ತು ಆಗಲೇಬೇಕು. ಹೋದ ವರ್ಷದ ಒಂದು ಮದುವೆಯಲ್ಲಿ ರಾಯರಿಗೆ ತಡೆಯಲಾಗಲಿಲ್ಲ.

"ಅಷ್ಟು ದೂರ ಯಾಕೆ ಹೋಗ್ಬೇಕು ಶ್ರೀನಾಥರೇ? ನಮ್ಮ ಮದ್ರಾಸಿನಲ್ಲಿ ಇಲ್ಲದ ಮ್ಯೂಸಿಯಮ್ಮಾ? ನಾನು ತಿಂಗಳಿಗೊಂದ್ಸಲ ತಪ್ಪದೆ ಹೋಗ್ತೀನಿ" ಎಂದುಬಿಟ್ಟರು.

ಅಲ್ಲಿಗೆ ನಿಂತಿದ್ದರೆ ಈ ಕಥೆಯೇ ಇಲ್ಲ. ಸುತ್ತ ಕೂತಿದ್ದವರೆಲ್ಲ ಪ್ಯಾರಿಸ್ಸನ್ನು ಬಿಟ್ಟು ಇವರ ಕಡೆ ತಿರುಗಿದರು. ಅಷ್ಟು ಜನ ಒಟ್ಟಿಗೆ ತಮ್ಮ ಕಡೆ ತಿರುಗಿದ್ದು ರಾಯರು ಕಂಡೇ ಇರಲಿಲ್ಲ. "ಒಳಗಿನವರೆಲ್ಲ ನನಗೆ ಪರಿಚಯ. ನನ್ನ ಕಂಡರೆ ಎದ್ದು ಬರ್ತಾರೆ" ಎಂದು ಇನ್ನೊಂದು ಚೂರು ಸೇರಿಸಿದರು. ಊಟದ ಪಂಕ್ತಿಯ ಆ ತುದಿಯಲ್ಲಿ ಪಾಯಸ ಬಡಿಸುತ್ತಿದ್ದ ನೀರಜಾ ಸೌಟನ್ನು ಹಾಗೇ ಹಿಡಿದುಕೊಂಡು ಗಂಡನನ್ನು ನೋಡಿದಳು. ಆ ನೋಟ ರಾಯರಿಗೆ ಕಾಣಿಸಲಿಲ್ಲ. ಕಾಣಿಸಿದ್ದರೂ ಹೊತ್ತು ಮೀರಿತ್ತು.

ಏಕೆಂದರೆ ಶ್ರೀನಾಥರು ಮರೆಯುವ ಜಾತಿಯವರಲ್ಲ. ಈ ವರ್ಷ ಹೆಂಡತಿಯನ್ನು ಕರೆದುಕೊಂಡು ಚೆನ್ನೈಗೆ ಬಂದೇಬಿಟ್ಟರು. ಕಾಲು ತೊಳೆಯುವ ಮೊದಲೇ, "ತಿರುಮಲರಾಯರ, ಟಿ. ನಗರ ಗಿ. ನಗರದ ಸೀರಿ ಅಂಗಡಿ ಹೆಣ್ಮಕ್ಕಳು ನೋಡ್ಕೋಲಿ. ನಾ ಬಂದಿದ್ದು ನಿಮ್ಮ ಮ್ಯೂಸಿಯಂ ನೋಡ್ಲಿಕ್ಕೆ. ನಿಮ್ಮನ್ನ ಕಂಡು ಮಂದಿ ಹೆಂಗ ಎದ್ದು ಬರ್ತಾರ, ಅದನ್ನೂ ನೋಡಬೇಕು" ಎಂದರು.

ರಾಯರು ಮ್ಯೂಸಿಯಮ್ಮಿನ ಒಳಗೆ ಕಾಲಿಟ್ಟದ್ದು ಸ್ಕೂಲಿನಿಂದ ಕರೆದುಕೊಂಡು ಹೋದಾಗ ಮಾತ್ರ. ಅದೂ ತಿಮಿಂಗಿಲದ ಎಲುಬು ನೋಡಿ ಹೆದರಿ ಅತ್ತಿದ್ದರಂತೆ. ಆದರೂ ಮರುದಿನ ಧೈರ್ಯವಾಗಿ ಎದ್ದರು. ಕಲೆ ಬಲ್ಲವರು ಪ್ಯಾಂಟು ಹಾಕುವುದಿಲ್ಲವೆಂದು ಅವರ ನಂಬಿಕೆ. ಖಾದಿ ಜುಬ್ಬ, ಕಚ್ಚೆಪಂಚೆ, ಹೆಗಲಿಗೊಂದು ಜೋಳಿಗೆ. ಕಾಲೇಜು ಓದುವ ಮಗಳು ತೃಪ್ತಿ ಅಪ್ಪನನ್ನು ಮೇಲಿಂದ ಕೆಳಗೆ ನೋಡಿ, "ಅಪ್ಪಾ, ಎನ್ನ ಇದು?" ಎಂದಳು. ಕನ್ನಡ ಅವಳಿಗೆ ಪೂರ್ತಿ ಅರ್ಥವಾಗುತ್ತದೆ, ಬಾಯಿಗೆ ಬರುವುದು ತಮಿಳು. "ನಿನಗೆ ತಿಳಿಯಲ್ಲ, ಸುಮ್ನಿರು" ಎಂದರು ರಾಯರು.

ಐದು ಜನ ಎಗ್ಮೋರಿನ ಮ್ಯೂಸಿಯಮ್ಮಿಗೆ ಹೋದರು. ಗೇಟು ಮುಚ್ಚಿತ್ತು. ಕಾವಲುಗಾರ ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಿದ್ದ. ರಾಯರನ್ನು ಕಂಡು ಅವನು ಎದ್ದು ಬರುವುದಿರಲಿ, ತಲೆ ಕೂಡ ಎತ್ತಲಿಲ್ಲ.

"ಶುಕ್ರವಾರ ರಜೆ ಸಾರ್" ಎಂದ ತಮಿಳಿನಲ್ಲಿ.

"ಯಾವಾಗಿನಿಂದ?" ರಾಯರು ತಮಿಳಿನಲ್ಲೇ, ಆದಷ್ಟು ಮೆಲ್ಲಗೆ ಕೇಳಿದರು.

"ನಾನು ಹುಟ್ಟಿದಾಗಿನಿಂದ."

"ಏನಂತ್ರಿ ಅವಾ?" ಎಂದರು ಶ್ರೀನಾಥರು. ಅವರಿಗೆ ತಮಿಳಿನಲ್ಲಿ ಬರುತ್ತಿದ್ದದ್ದು ನೀರು ಕೇಳುವ 'ತಣ್ಣಿ' ಒಂದೇ.

"ನಿನ್ನೆ ರಾತ್ರಿಯಿಂದ ಮುಚ್ಚಿದ್ದಾರಂತೆ. ವಿಗ್ರಹಗಳಿಗೆ ಎಣ್ಣೆ ಹಚ್ಚೋ ಕೆಲಸ ನಡೀತಿದೆ" ಎಂದರು ರಾಯರು. ತೃಪ್ತಿ ದುಪಟ್ಟಾದ ತುದಿಯನ್ನು ಬಾಯಿಗೆ ತುರುಕಿಕೊಂಡು ಗೋಡೆಯ ಕಡೆ ತಿರುಗಿ ನಿಂತಳು.

"ಏನ್ರಿ ಇದು, ನಿಮ್ಮ ಮ್ಯೂಸಿಯಂ ನಿಮ್ಮನ್ನ ನೋಡಿ ಬಾಗಲಾ ಹಾಕ್ಕೊಂಡ್ತೇನು?" ಎಂದರು ಶ್ರೀನಾಥರು.

ನಮಿತಾ ಮತ್ತು ನೀರಜಾ ಇಬ್ಬರೂ ಒಂದೇ ಉಸಿರಿಗೆ "ಟಿ. ನಗರ" ಎಂದರು. ಶ್ರೀನಾಥರು ಒಪ್ಪಲಿಲ್ಲ. ಕೊನೆಗೆ ತೃಪ್ತಿಯೇ ಫೋನಿನಲ್ಲಿ ಹುಡುಕಿ, ಸಮುದ್ರದ ದಾರಿಯಲ್ಲಿ ಒಂದು ಹಳೆಯ ಬಂಗಲೆಯನ್ನು ಕರಕುಶಲ ಮ್ಯೂಸಿಯಂ ಮಾಡಿದ್ದಾರೆಂದೂ ಅದು ಇವತ್ತು ತೆರೆದಿದೆಯೆಂದೂ ಹೇಳಿದಳು. "ಓ, ಅದಾ! ಅಲ್ಲಿಗೆ ಹೋಗಿ ಎರಡು ವಾರ ಆಯ್ತಷ್ಟೆ" ಎಂದರು ರಾಯರು, ಅದರ ಹೆಸರನ್ನು ಆಗ ತಾನೇ ಕೇಳಿ.

ಇಲ್ಲಿ ಓದುಗರಿಗೆ ಒಂದು ವಿಷಯ ತಿಳಿಸಬೇಕು. ಆ ಮ್ಯೂಸಿಯಮ್ಮಿನಲ್ಲಿ ಅಂದು ಕರ್ನಾಟಕದ ಕಲೆಗಳ ಉತ್ಸವ. ಬಳ್ಳಾರಿ ಕಡೆಯಿಂದ ಹನುಮಂತಯ್ಯ ಎಂಬ ತೊಗಲುಗೊಂಬೆಯವರು ಬಂದು ರಾಮಾಯಣ ಆಡಿಸಬೇಕಿತ್ತು. ಗೊಂಬೆಗಳ ಪೆಟ್ಟಿಗೆ ಲಾರಿಯಲ್ಲಿ ಹಿಂದಿನ ದಿನವೇ ಬಂದಿತ್ತು. ಗೊಂಬೆ ಆಡಿಸುವವರು ಬಂದಿರಲಿಲ್ಲ. ಅವರ ಫೋನು ಹತ್ತುತ್ತಿರಲಿಲ್ಲ. ಉತ್ಸವದ ಹೊಣೆ ಹೊತ್ತಿದ್ದ ಅನ್ವಿತಾ ಎಂಬ ಹುಡುಗಿ ಕೈಯಲ್ಲಿ ಹಾರ ಹಿಡಿದು ಗೇಟಿನಲ್ಲೇ ನಿಂತಿದ್ದಳು. ಹನುಮಂತಯ್ಯನವರನ್ನು ಅವಳು ಕಂಡವಳಲ್ಲ. ವಯಸ್ಸಾದವರು, ಜುಬ್ಬ ಹಾಕುತ್ತಾರೆ, ಕನ್ನಡ ಮಾತಾಡುತ್ತಾರೆ ಎಂಬಷ್ಟೇ ಅವಳಿಗೆ ಗೊತ್ತು. ಒಳಗೆ ಎರಡು ಶಾಲೆಯ ಮಕ್ಕಳು ಕೂಗಾಡುತ್ತಿದ್ದರು. ಮುಖ್ಯ ಅತಿಥಿಯಾಗಿ ಬಂದ ದೊಡ್ಡ ಅಧಿಕಾರಿಯೊಬ್ಬರು ಗಡಿಯಾರ ನೋಡಿಕೊಳ್ಳುತ್ತಿದ್ದರು.

ಅಷ್ಟು ಹೊತ್ತಿಗೆ ಕಾರಿನಿಂದ ಒಂದು ಜುಬ್ಬ ಇಳಿಯಿತು. "ನಿಧಾನ, ಬಾಗಿಲಿಗೆ ಸೆರಗು ಸಿಕ್ಕೀತು" ಎಂದು ಕನ್ನಡದಲ್ಲಿ ಹೇಳಿತು.

ಅನ್ವಿತಾಳ ಕಣ್ಣಲ್ಲಿ ನೀರು ಬಂದದ್ದು ಸುಳ್ಳಲ್ಲ. ಎರಡು ದಿನದಿಂದ ಬಾಯಿಪಾಠ ಮಾಡಿಟ್ಟುಕೊಂಡಿದ್ದ ಕನ್ನಡವನ್ನೆಲ್ಲ ಒಟ್ಟಿಗೆ ಸುರಿದಳು. "ನಮಸ್ಕಾರ! ಚೆನ್ನಾಗಿ ಇದ್ದೀರಾ? ಬನ್ನಿ, ಬನ್ನಿ! ನಿಮಗೇ ಕಾಯ್ತಾ ಇದ್ದೇವೆ!" ಎಂದು ಓಡಿಬಂದು ರಾಯರ ಕೊರಳಿಗೆ ಹಾರ ಹಾಕಿದಳು.

ಶ್ರೀನಾಥರ ಬಾಯಿ ತೆರೆದದ್ದು ತೆರೆದ ಹಾಗೇ ನಿಂತಿತು. "ಖರೇನ ಗುರ್ತದಲ್ರಿ!" ಎಂದರು. ಆ ಧ್ವನಿಯಲ್ಲಿದ್ದ ಸೋಲು ಕೇಳಿ ತಿರುಮಲರಾಯರ ಎದೆ ಜುಬ್ಬದೊಳಗೆ ಎರಡು ಅಂಗುಲ ಉಬ್ಬಿತು. ಈ ಹುಡುಗಿ ಯಾರು, ತನ್ನನ್ನು ಯಾರೆಂದುಕೊಂಡಿದ್ದಾಳೆ ಎಂಬ ಪ್ರಶ್ನೆ ಅವರ ತಲೆಯಲ್ಲೂ ಬಂತು. ಆದರೆ ಕೊರಳಿಗೆ ಹಾರ ಬಿದ್ದ ಮೇಲೆ ವಿಚಾರಣೆ ನಡೆಸುವುದು ಸಭ್ಯತೆಯಲ್ಲ.

"ಅಪ್ಪಾ, ಇವಂಗ ಯಾರು?" ತೃಪ್ತಿ ಕಿವಿಯಲ್ಲಿ ಕೇಳಿದಳು.

"ನಮಗೆ ಬೇಕಾದವರು" ಎಂದರು ರಾಯರು ಗಂಭೀರವಾಗಿ.

ಟಿಕೆಟ್ ಬೇಡವೆಂದರು. ಎಲ್ಲರಿಗೂ ಕಾಫಿ ಬಂತು. ಉಳಿದ ನಾಲ್ವರನ್ನು ಮುಂದಿನ ಸಾಲಿನಲ್ಲಿ, ಅಧಿಕಾರಿಯ ಪಕ್ಕದಲ್ಲೇ ಕೂರಿಸಿದರು. ನಮಿತಾ ತಂಗಿಯ ಕಡೆ ತಿರುಗಿ, "ನಿನ್ನ ಗಂಡ ಇಷ್ಟು ದೊಡ್ಡ ಮನಶ್ಯಾ ಅಂತ ಒಂದಿನ ಅಂದಿಲ್ಲಲ್ಲ ನೀನು?" ಎಂದಳು. ನೀರಜಾ ಕಾಫಿ ಲೋಟ ಕೆಳಗಿಟ್ಟು ವೇದಿಕೆಯ ಕಡೆ ನೋಡಿದಳು. ಮೂವತ್ತು ವರ್ಷ ಸಂಸಾರ ಮಾಡಿದವಳು ಅವಳು. ಗಂಡನಿಗೆ ಯಾರಾದರೂ ಹಾರ ಹಾಕಿದ್ದಾರೆಂದರೆ ಎಲ್ಲೋ ಏನೋ ಎಡವಟ್ಟಾಗಿದೆಯೆಂದು ಅವಳಿಗೆ ಗೊತ್ತಿತ್ತು.

ಅನ್ವಿತಾ ರಾಯರನ್ನು ವೇದಿಕೆಯ ಹಿಂದಕ್ಕೆ ಕರೆದುಕೊಂಡು ಹೋದಳು. ಅಲ್ಲೊಂದು ಬಿಳಿ ಪರದೆ, ಅದರ ಹಿಂದೆ ಉರಿಯುವ ದೀಪ, ಒಂದು ಚಾಪೆ, ತಲೆಯ ಮೇಲೆ ನೇತಾಡುವ ಮೈಕು. ಚಾಪೆಯ ಮೇಲೆ ಬಣ್ಣಬಣ್ಣದ ತೊಗಲುಗೊಂಬೆಗಳು ಅಂಗಾತ ಮಲಗಿ ರಾಯರನ್ನೇ ನೋಡುತ್ತಿದ್ದವು. ಎರಡು ಮಾತು ಭಾಷಣಕ್ಕೆ ಕರೆದಿರಬೇಕೆಂದು ರಾಯರು ಅಂದುಕೊಂಡಿದ್ದರು. ಈಗ ಒಂದು ಹೆಜ್ಜೆ ಹಿಂದೆ ಸರಿದು ತಮಿಳಿನಲ್ಲಿ ಹೇಳಿಬಿಟ್ಟರು:

"ಅಮ್ಮಾ, ನಾನಲ್ಲ. ಆಡಿಸುವವರು ಬೇರೆ."

ಅನ್ವಿತಾ ಎರಡೂ ಕೈ ಜೋಡಿಸಿದಳು. "ಎಲ್ಲಾ ದೊಡ್ಡ ಕಲಾವಿದರೂ ಇದನ್ನೇ ಹೇಳ್ತಾರೆ ಸಾರ್. ನಾನಲ್ಲ, ಆಡಿಸುವವನು ಮೇಲಿದ್ದಾನೆ ಅಂತ. ಎಷ್ಟು ವಿನಯ ನಿಮಗೆ!"

"ಅದಲ್ಲಮ್ಮಾ, ನಾನು ಕೋಡಂಬಾಕ್ಕಂ!"

"ಓ, ಅಲ್ಲಿ ಇಳ್ಕೊಂಡಿದ್ದೀರಾ? ಅದಿರಲಿ, ಎಷ್ಟು ಚೆನ್ನಾಗಿ ತಮಿಳು ಮಾತಾಡ್ತೀರಿ ಸಾರ್!" ಎಂದು ಹೇಳಿ, ಅವರನ್ನು ಚಾಪೆಯ ಮೇಲೆ ಕೂರಿಸಿ, ಮೈಕಿನ ಸ್ವಿಚ್ ಒತ್ತಿ, ಹೊರಟೇಹೋದಳು.

ಹೊರಗೆ ಬಂದವಳು ಕನ್ನಡ ತಿಳಿದವರು ಯಾರಾದರೂ ಅನುವಾದಕ್ಕೆ ಬೇಕೆಂದಳು. ತೃಪ್ತಿ ಕೈ ಎತ್ತಿದಳು. ಅಪ್ಪನ ಮಾನ ಕಾಪಾಡಲು ಎತ್ತಿದಳೋ ತಮಾಷೆ ನೋಡಲು ಎತ್ತಿದಳೋ, ಇವತ್ತಿಗೂ ಅವಳು ಬಾಯಿ ಬಿಟ್ಟಿಲ್ಲ.

ದೀಪಗಳು ಆರಿದವು. ಪರದೆ ಬೆಳಗಿತು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ರಾವಣ ತಲೆಕೆಳಗಾಗಿ ಬಂದು ನಿಂತ. ಹತ್ತು ತಲೆ ಕೆಳಗೆ, ಎರಡು ಕಾಲು ಮೇಲೆ. ಮೈಕಿನಲ್ಲಿ ದೊಡ್ಡದಾಗಿ ಒಂದು ಕೆಮ್ಮು ಕೇಳಿಸಿತು. ನಂತರ "ಕೌಸಲ್ಯಾ ಸುಪ್ರಜಾ ರಾಮ..." ಎಂದು ನಡುಗುವ ಧ್ವನಿಯಲ್ಲಿ ಸುಪ್ರಭಾತ ಶುರುವಾಯಿತು. ರಾಮನ ಹೆಸರಿರುವ ಶ್ಲೋಕ ರಾಯರಿಗೆ ಆ ಗಳಿಗೆಯಲ್ಲಿ ನೆನಪಾದದ್ದು ಅದೊಂದೇ.

"ಲಂಕೆಯಲ್ಲಿ ಬೆಳಗಾಯಿತು" ಎಂದಳು ತೃಪ್ತಿ ತಮಿಳಿನಲ್ಲೂ ಇಂಗ್ಲಿಷಿನಲ್ಲೂ. "ರಾವಣ ಶೀರ್ಷಾಸನ ಮಾಡುತ್ತಿದ್ದಾನೆ."

ಮಕ್ಕಳು ಚಪ್ಪಾಳೆ ತಟ್ಟಿದರು. ಅಧಿಕಾರಿ ಗಡಿಯಾರ ನೋಡುವುದನ್ನು ಬಿಟ್ಟರು. ನೀರಜಾ ಮಾತ್ರ ಕೈಚೀಲವನ್ನು ಅಕ್ಕನ ಮಡಿಲಿಗೆ ಹಾಕಿ, ಎದ್ದು, ನೇರವಾಗಿ ಪರದೆಯ ಹಿಂದಕ್ಕೆ ನಡೆದಳು.

ಅವಳು ಹೋದದ್ದು ಗಂಡನನ್ನು ಎಬ್ಬಿಸಿಕೊಂಡು ಬರಲು. ಆದರೆ ಅವಳು ಕೂತೊಡನೆ ರಾಯರು, "ಬಂದ್ಯಾ, ಇದನ್ನೊಂದು ಹಿಡ್ಕೋ, ಕೈ ಬಿದ್ದುಹೋಗ್ತಿದೆ" ಎಂದು ಪಕ್ಕದಲ್ಲಿದ್ದ ಒಂದು ಗೊಂಬೆಯನ್ನು ಅವಳ ಕೈಗೆ ತುರುಕಿದರು. ಪರದೆಯ ಮೇಲೆ ಬಾಲದ ಸಮೇತ ಜಾಂಬವಂತ ಎದ್ದು ನಿಂತ. ಜಾಂಬವಂತ ಹೆಂಗಸಿನ ಧ್ವನಿಯಲ್ಲಿ ಗುಡುಗಿದ:

"ಏಳ್ರಿ ಮೇಲೆ! ನಾಚಿಕೆ ಆಗಲ್ವಾ?"

"ಮಂಡೋದರಿ ಬಂದಳು" ಎಂದಳು ತೃಪ್ತಿ.

"ಮೆಲ್ಲಗೆ ಮಾತಾಡೇ, ಹೊರಗೆ ನಿಮ್ಮ ಭಾವ ಕೂತಿದ್ದಾರೆ" ಎಂದ ರಾವಣ. ಮೈಕು ಆ ಪಿಸುಮಾತನ್ನೂ ಎತ್ತಿಕೊಂಡು ಸಭಾಂಗಣದ ಮೂಲೆಮೂಲೆಗೆ ಮುಟ್ಟಿಸಿತು.

"ಕೂತಿರ್ಲಿ! ಆ ಮದುವೇಲಿ ಬಾಯಿ ಮುಚ್ಕೊಂಡು ಊಟ ಮಾಡೋಕೆ ಏನಾಗಿತ್ತು ನಿಮಗೆ?"

"ಮಂಡೋದರಿ ಕೇಳುತ್ತಾಳೆ: ಸೀತೆಯ ಸ್ವಯಂವರಕ್ಕೆ ಹೋದವರು ಸುಮ್ಮನೆ ಉಂಡು ಬರಬಾರದಿತ್ತೆ?"

"ತಿಂಗಳಿಗೊಂದ್ಸಲ ಮ್ಯೂಸಿಯಮ್ಮಿಗೆ ಹೋಗ್ತೀನಿ ಅಂತ ಬುರುಡೆ! ತಿಂಗಳಿಗೊಂದ್ಸಲ ನೀವು ಹೋಗೋದು ಕ್ಷೌರಕ್ಕೆ!"

ಇದಕ್ಕೆ ತೃಪ್ತಿ ಒಂದು ಕ್ಷಣ ತಡವರಿಸಿದಳು. "ಹತ್ತು ತಲೆಗೂ ಕ್ಷೌರ ಮಾಡಿಸುವುದು ಬಿಟ್ಟು ನೀವು ಬೇರೇನು ಮಾಡಿದ್ದೀರಿ, ಎನ್ನುತ್ತಾಳೆ."

ಸಭೆ ಹೋ ಎಂದು ನಕ್ಕಿತು. ನಗು ಕೇಳಿ ನೀರಜಾಳ ಸಿಟ್ಟು ಇನ್ನಷ್ಟು ಏರಿತು. ಜಾಂಬವಂತ ಪರದೆಯ ಮೇಲೆ ಕುಣಿಯತೊಡಗಿದ. ಮುಂದೆ ಕೂತಿದ್ದ ಹುಡುಗಿಯೊಬ್ಬಳು ಎದ್ದು ನಿಂತು, "ಅಕ್ಕಾ, ಮಂಡೋದರಿಗೆ ಬಾಲ ಯಾಕಿದೆ?" ಎಂದಳು.

"ಕೋಪ ಬಂದಾಗ ಬರುತ್ತದೆ" ಎಂದಳು ತೃಪ್ತಿ.

ಒಳಗೆ ರಾಯರಿಗೂ ರೇಗಿತು. "ನಾನೇನು ಮಾಡ್ಲಿ? ಆ ಮನುಷ್ಯ ಎಲ್ಲಿ ಹೋದ್ರೂ ಪ್ಯಾರಿಸ್, ಪ್ಯಾರಿಸ್, ಪ್ಯಾರಿಸ್! ಒಂದೇ ಒಂದ್ಸಲ ಹೋಗಿ ಬಂದಿದ್ದಕ್ಕೆ ಜೀವ ಇರೋವರೆಗೂ ಕೊಯ್ಯೋದಾ? ಎಲ್ಲರೂ ಆ ಕಡೆ ಬಾಯಿ ಬಿಟ್ಕೊಂಡು ಕೂತಿರ್ತಾರೆ. ನಾನೊಬ್ಬ ಇದ್ದೀನಿ ಅಂತ ಯಾರಾದ್ರೂ ಕೇಳಿದ್ದಾರಾ? 'ಮದ್ರಾಸಲ್ಲಿ ಸೆಖೆ ಹೇಗಿದೆ?' ಇಷ್ಟು ವರ್ಷದಲ್ಲಿ ನಿಮ್ಮ ಕಡೆಯೋರು ನನ್ನ ಕೇಳಿದ್ದು ಇದೊಂದೇ ಪ್ರಶ್ನೆ!"

ತೃಪ್ತಿ ಮುಂದಿನ ಸಾಲಿನ ಕಡೆ ನೋಡಲಿಲ್ಲ. "ರಾವಣ ಹೇಳುತ್ತಾನೆ: ಒಂದೇ ಒಂದು ಬಿಲ್ಲು ಮುರಿದ ರಾಮ ಅದನ್ನೇ ಊರೂರಿಗೆ ಹೇಳಿಕೊಂಡು ತಿರುಗುತ್ತಾನೆ. ನನ್ನ ಲಂಕೆಯ ಬಗ್ಗೆ ಜನ ಕೇಳುವುದು ಸೆಖೆಯೊಂದನ್ನೇ."

ಅಧಿಕಾರಿ ತೊಡೆ ತಟ್ಟಿಕೊಂಡು, "ಎಂಥ ವ್ಯಾಖ್ಯಾನ! ರಾವಣನ ಒಳದನಿ!" ಎಂದು ಪಕ್ಕದಲ್ಲಿದ್ದ ಶ್ರೀನಾಥರ ಕೈ ಕುಲುಕಿದರು. ಶ್ರೀನಾಥರು ಕುಲುಕಿಸಿಕೊಂಡರು. ಅವರ ಮುಖ ಬೇಯಿಸಿದ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತ್ತು. ನಮಿತಾ ಮಾತ್ರ ಫೋನು ಎತ್ತಿ ಹಿಡಿದು ಎಲ್ಲವನ್ನೂ ವೀಡಿಯೊ ಮಾಡುತ್ತಿದ್ದಳು.

ನಿಜವಾದ ಹನುಮಂತಯ್ಯ ಬಂದದ್ದು ಆಗ.

ಪಾಪ, ಆ ಮಹಾನುಭಾವರ ಬಸ್ಸು ಅವರನ್ನು ಊರಿನ ಆ ತುದಿಯ ಮಾಧವರಂನಲ್ಲಿ ಇಳಿಸಿತ್ತು. ಅಲ್ಲಿಂದ ಈ ತುದಿಗೆ ಬರುವಷ್ಟರಲ್ಲಿ ಮೂರು ಬಸ್ಸು, ಎರಡು ಜಗಳ ಆಗಿದ್ದವು. ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಅಪ್ಪ, ಅಜ್ಜ, ಮುತ್ತಜ್ಜ ಗೊಂಬೆ ಆಡಿಸಿದ ಮನೆತನವೆಂದು ದಾರಿಯುದ್ದಕ್ಕೂ ಪ್ರತಿ ಕಂಡಕ್ಟರಿಗೂ ಕನ್ನಡದಲ್ಲೇ ಹೇಳಿಕೊಂಡು ಬಂದಿದ್ದರು. ಈಗ ಸಭಾಂಗಣದ ಬಾಗಿಲಲ್ಲಿ ನಿಂತು, ತಮ್ಮ ಪರದೆಯ ಮೇಲೆ ತಮ್ಮ ಜಾಂಬವಂತ ಹೆಂಗಸಿನ ಧ್ವನಿಯಲ್ಲಿ ಕ್ಷೌರದ ವಿಷಯಕ್ಕೆ ಮತ್ತೆ ಬಂದದ್ದನ್ನು ಕೇಳಿದರು.

"ಯಾರಲೇ ಅದು ನನ್ನ ಪರದಿ ಹಿಂದ!"

ಮಕ್ಕಳೆಲ್ಲ ಹಿಂತಿರುಗಿ ನೋಡಿದರು. "ರಾಮ ಬಂದ" ಎಂದಳು ತೃಪ್ತಿ.

ಹನುಮಂತಯ್ಯ ಮಕ್ಕಳ ನಡುವೆ ದಾರಿ ಮಾಡಿಕೊಂಡು ನುಗ್ಗಿದರು. ಪರದೆಯ ಮೇಲೆ ಮೂರನೆಯ ನೆರಳು ಮೂಡಿತು. ಅದು ಗೊಂಬೆಯದಲ್ಲ. "ಕೊಡ್ರೀ ಇಲ್ಲಿ!" "ಹರೀತದೆ, ಹರೀತದೆ!" "ಬಿಡ್ರಿ ನಮ್ಮ ಯಜಮಾನ್ರ ಜುಬ್ಬ!" ಎಂಬ ಮೂರು ಮಾತುಗಳನ್ನು ಅನುವಾದಿಸುವ ಮೊದಲೇ ಬಿಳಿ ಪರದೆ ಕಂಬದ ಸಮೇತ ಮುಂದಕ್ಕೆ ಬಿತ್ತು.

ಚಾಪೆಯ ಮೇಲೆ ಕೊರಳಲ್ಲಿ ಹಾರ, ಕೈಯಲ್ಲಿ ತಲೆಕೆಳಗಾದ ರಾವಣನೊಂದಿಗೆ ತಿರುಮಲರಾಯರು. ಅವರ ಕತ್ತುಪಟ್ಟಿ ಹಿಡಿದ ಹನುಮಂತಯ್ಯ. ಹನುಮಂತಯ್ಯನವರ ಬೆನ್ನಿಗೆ ಜಾಂಬವಂತನಿಂದ ಹೊಡೆಯಲು ಕೈ ಎತ್ತಿದ ನೀರಜಾ. ಮೂವರೂ ಸಭೆಯನ್ನು ನೋಡಿದರು. ಸಭೆ ಮೂವರನ್ನೂ ನೋಡಿತು.

ಅಧಿಕಾರಿ ಎದ್ದು ನಿಂತರು. "ಅದ್ಭುತ!" ಎಂದರು. "ಪರದೆಯನ್ನೇ ಬೀಳಿಸುವ ಧೈರ್ಯ! ಇದು ಹೊಸ ಪ್ರಯೋಗ!" ಎಂದು ಚಪ್ಪಾಳೆ ತಟ್ಟಿದರು. ಅಧಿಕಾರಿಯೇ ತಟ್ಟಿದ ಮೇಲೆ ಉಳಿದವರು ತಟ್ಟದೆ ಇರುತ್ತಾರೆಯೆ?

ಅನ್ವಿತಾಳಿಗೆ ವಿಷಯ ತಿಳಿದಾಗ ಅಳು ಬಂತೋ ಕೋಪ ಬಂತೋ ಹೇಳುವುದು ಕಷ್ಟ. "ಯಾಕೆ ಸಾರ್ ನೀವು ಹೇಳಲಿಲ್ಲ?" ಎಂದು ತಮಿಳಿನಲ್ಲಿ ಕೂಗಿದಳು.

"ಹೇಳಿದೆನಲ್ಲಮ್ಮಾ, ನಾನಲ್ಲ ಅಂತ!"

ಅನ್ವಿತಾ ಹಾರವನ್ನು ಅವರ ಕೊರಳಿನಿಂದ ತೆಗೆದು, ಕೊಡವಿ, ಹನುಮಂತಯ್ಯನವರಿಗೆ ಹಾಕಿದಳು. "ಎಂಜಲ ಹಾರ ನನಗ್ಯಾಕ್ರೀ!" ಎಂದು ಅವರು ಅದನ್ನು ತೆಗೆದು ಗೊಂಬೆಗಳ ಪೆಟ್ಟಿಗೆಗೆ ಎಸೆದರು. ತಿಂಡಿ ತಿನ್ನಿಸಿ, ಕಾಫಿ ಕುಡಿಸಿ, ಅಧಿಕಾರಿಯಿಂದಲೇ ಎರಡು ಮಾತು ಹೇಳಿಸಿದ ಮೇಲೆ ಪರದೆ ಮತ್ತೆ ಎದ್ದಿತು. ಹನುಮಂತಯ್ಯ ಆಡಿಸಿದ ಲಂಕಾದಹನವನ್ನು ಕಂಡು ರಾಯರೇ ಬೆರಗಾದರು. ಗೊಂಬೆಯ ಬಾಲದ ತುದಿಯಲ್ಲಿ ಬೆಂಕಿ ಕುಣಿದ ಹಾಗೆ ಕಾಣುತ್ತಿತ್ತು. ಆದರೆ ಕಥೆ ಏರಿದ ಘಟ್ಟದಲ್ಲಿ ಅದೇ ಹುಡುಗಿ ಎದ್ದು, "ಅಕ್ಕಾ, ಬೈಯುವ ಮಂಡೋದರಿ ಯಾವಾಗ ಬರ್ತಾಳೆ?" ಎಂದು ಕೇಳಿದಳು. ಪರದೆಯ ಹಿಂದಿನಿಂದ ಹನುಮಂತಯ್ಯ, "ಏನಂತದ ಆ ಕೂಸು?" ಎಂದರು. ಅದನ್ನು ಮಾತ್ರ ತೃಪ್ತಿ ಅನುವಾದಿಸಲಿಲ್ಲ.

ಮನೆಗೆ ಮರಳುವಾಗ ಕಾರಿನಲ್ಲಿ ರಾಯರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಷಡ್ಡಕನ ಮುಖ ನೋಡುವ ಧೈರ್ಯ ಅವರಿಗಿರಲಿಲ್ಲ. ಸುಳ್ಳು ಬಯಲಾದದ್ದಕ್ಕಿಂತ ಆ ಪ್ಯಾರಿಸ್ಸಿನ ಮಾತು ಆಡಿದ್ದೇ ಅವರಿಗೆ ಚುಚ್ಚುತ್ತಿತ್ತು. ಅಡಯಾರು ದಾಟಿದ ಮೇಲೆ ಶ್ರೀನಾಥರು ಗಂಟಲು ಸರಿಮಾಡಿಕೊಂಡರು.

"ತಿರುಮಲರಾಯರ."

"ಹೇಳಿ" ಎಂದರು ರಾಯರು, ಕಿಟಕಿಯ ಗಾಜಿಗೆ.

"ಇಷ್ಟು ದಿವಸ ಆತು ಆ ಪ್ಯಾರಿಸ್ ಹೇಳ್ಲಿಕ್ಕತ್ತು. ಒಬ್ಬರರ 'ಸಾಕ್ರೀ ಮಾಸ್ತರ' ಅನ್ನಬಾರದೇನು? ನೀವೂ ಪರದೆ ಹಿಂದ ಕೂತ ಮ್ಯಾಲೆ ಅಂದ್ರಿ." ಸ್ವಲ್ಪ ತಡೆದು, "ಒಂದೇ ಒಂದು ಬಿಲ್ಲು ಮುರದು..." ಎಂದವರೇ ನಗಲು ಶುರುಮಾಡಿದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು, ಮತ್ತೆ ನಕ್ಕರು. ಆಮೇಲೆ ರಾಯರ ಭುಜದ ಮೇಲೆ ಕೈಯಿಟ್ಟು, "ಅದಿರ್ಲಿ, ನಿಮ್ಮ ಕ್ಲೇಮ್ ಆಫೀಸಿನ್ಯಾಗ ಮಂದಿ ಎಂಥೆಂಥಾ ಸುಳ್ಳು ತರ್ತಾರ? ಒಂದು ಹೇಳ್ರಿ ನೋಡೋಣು" ಎಂದರು.

ರಾಯರು ತಿರುಗಿ ನೋಡಿದರು. ನಿಜವಾಗಿಯೂ ಕೇಳುತ್ತಿದ್ದಾರೆಂದು ಖಚಿತವಾದ ಮೇಲೆ, ಸತ್ತ ಎಮ್ಮೆಯೊಂದು ಮೂರು ಸಲ ಸತ್ತ ಕಥೆ ತೆಗೆದರು. ಕಾರು ಕೋಡಂಬಾಕ್ಕಂ ತಲುಪಿದರೂ ಎಮ್ಮೆಯ ಎರಡನೆಯ ಸಾವು ಮುಗಿದಿರಲಿಲ್ಲ. ಶ್ರೀನಾಥರು ಇಳಿಯಲೊಪ್ಪದೆ ಕೂತಿದ್ದರು.

ಇಷ್ಟಕ್ಕೇ ಎಲ್ಲ ಸುಖವಾಗಿ ಮುಗಿಯಬಹುದಿತ್ತು. ಆದರೆ ನಮಿತಾ ಅಷ್ಟರಲ್ಲಿ ವೀಡಿಯೊವನ್ನು ಧಾರವಾಡದ ಬಂಧುಬಳಗಕ್ಕೆಲ್ಲ ಕಳಿಸಿಯಾಗಿತ್ತು. ಮರುದಿನದಿಂದ ಫೋನುಗಳು ಬಂದವು. ಹತ್ತು ವರ್ಷದಿಂದ ಚೆನ್ನೈ ಸೆಖೆಗೆ ಹೆದರಿ ಬಾರದಿದ್ದ ಅತ್ತೆಯಂದಿರು, ಅವರ ಸೊಸೆಯಂದಿರು, "ಮ್ಯೂಸಿಯಂ ನೋಡಬೇಕಂತ ಮನಸಾಗೇದ" ಎಂದರು. ಬಂದವರು ಯಾರೂ ಮ್ಯೂಸಿಯಮ್ಮಿನ ಸುದ್ದಿ ಎತ್ತಲಿಲ್ಲ. ಊಟ ಮುಗಿಸಿ, ಹಾಲಿನಲ್ಲಿ ಜಮಖಾನ ಹಾಸಿಕೊಂಡು ಸಾಲಾಗಿ ಕೂತು, "ಶುರು ಮಾಡ್ರಿ" ಎಂದರು.

"ಏನು ಶುರು ಮಾಡ್ಲಿ?" ಎಂದರು ರಾಯರು ಬೇಸತ್ತು. ಅತಿಥಿಗಳು ಕದಲಲಿಲ್ಲ. ಕೊನೆಗೆ ರಾಯರು ಒಳಗೆ ಹೋಗಿ ಬೀರು ತೆರೆದರು. "ನೀರಜಾ, ಆ ಬಿಳಿ ದುಪ್ಪಟಿ ಎಲ್ಲಿಟ್ಟೆ?"

"ನಾನ್ಯಾಕೆ ಇಡ್ಲಿ? ಹೋದ ವಾರ ಹೊದ್ಕೊಂಡಿದ್ದು ಯಾರು?"

"ಹೊದ್ಕೊಂಡಿದ್ದು ನಾನು, ಒಗೆದು ಎಲ್ಲೋ ತುರುಕಿದ್ದು ನೀನು!"

"ಓಹೋ, ತುರುಕೋದು! ಮೂವತ್ತು ವರ್ಷದಿಂದ ಈ ಮನೇಲಿ ಒಂದು ಸಾಮಾನು ಎಲ್ಲಿದೆ ಅಂತ ನಿಮಗೆ ಗೊತ್ತಿದ್ರೆ ಹೇಳಿ ನೋಡೋಣ!"

ಹಾಲಿನಲ್ಲಿ ಕೂತಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಪರದೆ ಇನ್ನೂ ಕಟ್ಟಿರಲಿಲ್ಲ.